ಹಸಿ ಬಾಣಂತಿಯ ಭಯ ಮತ್ತು 1,540 ಗ್ರಾಂ ಕೂಸು: ನರ್ಸಿಂಗ್ ಶಿಕ್ಷಣದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯದು. ಅಲ್ಲಿನ ವಿಶೇಷ ನವಜಾತ ಶಿಶು ಆರೈಕೆ ಘಟಕಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಎನ್‌ಸಿಯುಗೆ, ನಮ್ಮ ಕಾಲೇಜಿನ ಬಿ.ಎಸ್ಸಿ ನರ್ಸಿಂಗ್ ಮೂರನೇ ವರ್ಷದವರು ಪೋಸ್ಟಿಂಗಿಗೆ ಹೋಗುತ್ತಾರೆ. ನಾನು ಅವರ ಜೊತೆಗಿರುವ ಕ್ಲಿನಿಕಲ್ ಇನ್‌ಸ್ಟ್ರಕ್ಟರ್. ಕುಟುಂಬ, ವಿದ್ಯಾರ್ಥಿನಿ, ಊರು ಯಾವುದರ ಗುರುತೂ ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಚಿಕಿತ್ಸೆಯ ಕ್ರಮ ಮತ್ತು ತೀರ್ಮಾನಗಳ ಸರದಿಯನ್ನು ಮುಟ್ಟಿಲ್ಲ.

ಈ ಪೋಸ್ಟಿಂಗಿನಲ್ಲಿ ವಿದ್ಯಾರ್ಥಿಗಳು ಕಲಿಯುವುದು ಎರಡು ಬಗೆಯ ಕೆಲಸ. ಒಂದು, ಕಾಯಿಲೆ ಬಿದ್ದ ನವಜಾತ ಶಿಶುವಿನ ಶುಶ್ರೂಷೆ: ವಾರ್ಮರ್ (ಕೂಸನ್ನು ಬೆಚ್ಚಗಿಡುವ ಯಂತ್ರ), ಸಿಪ್ಯಾಪ್ (ಉಸಿರಾಟಕ್ಕೆ ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ), ಹನಿ ಲೆಕ್ಕ, ಟ್ಯೂಬಿನಲ್ಲಿ ಹಾಲು. ಇನ್ನೊಂದು, ಆರೋಗ್ಯ ಶಿಕ್ಷಣ, ಹಾಸ್ಟೆಲ್ ಭಾಷೆಯಲ್ಲಿ ‘ಹೆಲ್ತ್ ಟಾಕ್’. ಮೊದಲನೆಯದನ್ನು ವಾರ್ಮರಿನ ಪಕ್ಕ ನಿಂತು ಕಲಿಸುತ್ತೇವೆ. ಎರಡನೆಯದಕ್ಕೆ ವಿದ್ಯಾರ್ಥಿ ಚಾರ್ಟ್ ಬರೆದುಕೊಂಡು ಬಂದು, ತಾಯಂದಿರ ಕೋಣೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಮಾತಾಡಿ, ಸಹಿ ಹಾಕಿಸಿಕೊಂಡು ಹೋಗುತ್ತಾಳೆ. 2021ರಲ್ಲಿ ಬಂದ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಪರಿಷ್ಕೃತ ಪಠ್ಯಕ್ರಮ ‘ಸಾಮರ್ಥ್ಯ ಆಧಾರಿತ’ ಎಂದು ಹೇಳಿಕೊಳ್ಳುತ್ತದೆ. ಹೆಲ್ತ್ ಟಾಕ್‌ನ ಅಂಕಪಟ್ಟಿಯಲ್ಲಿ ಮಾತ್ರ ಇವತ್ತಿಗೂ ದನಿ, ಚಾರ್ಟಿನ ಅಂದ, ಸಮಯಪಾಲನೆಗಳಿಗೇ ಹೆಚ್ಚು ಅಂಕ. ತಾಯಿ ಏನು ಕಲಿತಳು ಎಂಬುದಕ್ಕೆ ಒಂದೇ ಸಾಲು.

ತಾಯಿಗೆ ಇಪ್ಪತ್ತೆರಡು ವರ್ಷ, ಚೊಚ್ಚಲ ಹೆರಿಗೆ. ನಮ್ಮ ಕಡೆಯ ರೂಢಿಯಂತೆ ಏಳನೇ ತಿಂಗಳ ಸೀಮಂತ ಮುಗಿಸಿ ತವರಿಗೆ ಬಂದಿದ್ದಳು. 33 ವಾರಕ್ಕೇ ನೋವು ಶುರುವಾಗಿ ತಾಲ್ಲೂಕು ಆಸ್ಪತ್ರೆಗೆ ಹೋದಳು. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿದ್ದರೆ ಕೂಸಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಡೆಕ್ಸಾಮೆಥಸೋನ್ ಇಂಜೆಕ್ಷನ್ನನ್ನು 12 ತಾಸಿಗೊಂದರಂತೆ ನಾಲ್ಕು ಸಲ ಕೊಡುತ್ತಾರೆ. ಈಕೆಗೆ ಒಂದೇ ಸಲ ಕೊಡಲು ಸಮಯ ಸಿಕ್ಕಿತು. ಹುಟ್ಟಿದ್ದು ಹೆಣ್ಣು ಕೂಸು, 1,540 ಗ್ರಾಂ.

ದಾಖಲಾತಿ

ಕೂಸನ್ನು 108 ಆಂಬುಲೆನ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಜೊತೆಗೆ ಬಂದವರು ಅಪ್ಪ ಮತ್ತು ತಾಯಿಯ ತಾಯಿ. ತಾಯಿ ಹಿಂದೆಯೇ ಉಳಿದಳು. ಕೂಸನ್ನು ಹಳೆಯ ಸೀರೆಯ ಎರಡು ಮಡಿಕೆಯಲ್ಲಿ ಸುತ್ತಿದ್ದರು, ತಲೆಗೆ ಟೋಪಿ ಇರಲಿಲ್ಲ.

ವಿದ್ಯಾರ್ಥಿನಿ ಮೊದಲು ಮಾಡಿದ್ದು ಕೈಯ ಹಿಂಭಾಗದಿಂದ ಹೊಟ್ಟೆ, ಪಾದ ಎರಡನ್ನೂ ಮುಟ್ಟಿ ನೋಡಿದ್ದು. ಪಾದ ಮಾತ್ರ ತಣ್ಣಗಿದ್ದರೆ ಕೂಸು ಚಳಿಯ ಒತ್ತಡದಲ್ಲಿದೆ ಎಂದರ್ಥ, ಹೊಟ್ಟೆಯೂ ತಣ್ಣಗಿದ್ದರೆ ಮೈಬಿಸಿ ಆಗಲೇ ಇಳಿದಿದೆ. ಇಲ್ಲಿ ಎರಡೂ ತಣ್ಣಗಿದ್ದವು. ಕಂಕುಳಿನ ಥರ್ಮಾಮೀಟರ್ 35.1 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಇರಬೇಕಾದದ್ದು 36.5ರಿಂದ 37.5. ಹಿಮ್ಮಡಿಯ ರಕ್ತದಲ್ಲಿ ಶುಗರ್ 32 ಮಿಲಿಗ್ರಾಂ. 45ಕ್ಕಿಂತ ಕಡಿಮೆಯಾದರೆ ಚಿಕಿತ್ಸೆ ಬೇಕು. ಉಸಿರು ನಿಮಿಷಕ್ಕೆ 72, ಪಕ್ಕೆ ಒಳಸೆಳೆತ, ಪ್ರತಿ ಉಸಿರಿಗೂ ನರಳುವ ಸದ್ದು.

ಈ ಮೂರನ್ನೂ ಬಿಡಿಬಿಡಿಯಾಗಿ ಓದಿದ ವಿದ್ಯಾರ್ಥಿಗೆ ಅವು ಒಂದಕ್ಕೊಂದು ಹೇಗೆ ಕೊಂಡಿಯಾಗಿವೆ ಎಂಬುದು ಕಣ್ಣಿಗೆ ಬೀಳುವುದು ಇಂಥ ಹೊತ್ತಿನಲ್ಲೇ. ಮೈ ತಣ್ಣಗಾದ ಕೂಸು ಬಿಸಿ ಹುಟ್ಟಿಸಿಕೊಳ್ಳಲು ಸಕ್ಕರೆ ಸುಡುತ್ತದೆ, ಆಮ್ಲಜನಕವನ್ನೂ ಹೆಚ್ಚು ಬೇಡುತ್ತದೆ. ಬಲಿಯದ ಶ್ವಾಸಕೋಶಕ್ಕೆ ಅದನ್ನು ಒದಗಿಸಲಾಗದು. ಹಾಗಾಗಿ ಯಾವುದು ಮೊದಲು ಎಂಬ ಪ್ರಶ್ನೆಯೇ ಇಲ್ಲ. ಒಬ್ಬರು ಮೈಬಿಸಿ ಅಳೆಯುವ ವಾರ್ಮರಿನ ಪ್ರೋಬನ್ನು ಕೂಸಿಗೆ ಅಂಟಿಸುವಾಗ ಇನ್ನೊಬ್ಬರು ಲೈನ್ ಹಾಕಿ 10% ಡೆಕ್ಸ್ಟ್ರೋಸನ್ನು ಕಿಲೋಗೆ 2 ಮಿಲಿಯಂತೆ, ಅಂದರೆ ಸುಮಾರು 3 ಮಿಲಿ, ನಿಧಾನ ಕೊಟ್ಟರು. ಮೂರನೆಯವರು ಸಿಪ್ಯಾಪ್ ಹಚ್ಚಿದರು. ಅರ್ಧ ತಾಸಿನ ಮೇಲೆ ಶುಗರ್ 58ಕ್ಕೆ ಬಂತು. ಆಕ್ಸಿಜನ್ ಮಟ್ಟವನ್ನು 90ರಿಂದ 95ರ ನಡುವೆ ಹಿಡಿದಿಡಬೇಕು, 100 ಕಂಡರೆ ಖುಷಿಪಡಬಾರದು ಎಂದು ಸ್ಟಾಫ್ ನರ್ಸ್ ವಿದ್ಯಾರ್ಥಿನಿಗೆ ಹೇಳಿದರು. ಹೆಚ್ಚಾದ ಆಕ್ಸಿಜನ್ ಅವಧಿಗೆ ಮುನ್ನ ಹುಟ್ಟಿದ ಕೂಸಿನ ಕಣ್ಣಿನ ಅಕ್ಷಿಪಟಲವನ್ನು ಕೆಡಿಸುತ್ತದೆ. ಈ ಕಣ್ಣಿನ ಮಾತು ಮುಂದೆ ಬರುತ್ತದೆ.

ಮೊದಲ ದಿನದ ಇನ್ನೊಂದು ತೀರ್ಮಾನ ಫೋನಿನಲ್ಲಿ ಆಯಿತು. ತಾಯಿ ಎಲ್ಲಿ, ಹಾಲು ಎಲ್ಲಿ ಎಂದು ಸಿಸ್ಟರ್ ಇನ್‌ಚಾರ್ಜ್ ತಾಲ್ಲೂಕು ಆಸ್ಪತ್ರೆಗೆ ಕೇಳಿ, ಮರುದಿನ ಬೆಳಗ್ಗೆಯೇ ತಾಯಿಯನ್ನು ಇಲ್ಲಿನ ಹೆರಿಗೆ ವಾರ್ಡಿಗೆ ಕರೆಸಿಕೊಂಡರು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಬಾಣಂತಿಗೂ ಕಾಯಿಲೆ ಬಿದ್ದ ನವಜಾತ ಶಿಶುವಿಗೂ ಚಿಕಿತ್ಸೆ, ವಾಹನ ಎರಡೂ ಉಚಿತ. ಆದರೂ ಕೂಸು ಒಂದು ಕಡೆ, ತಾಯಿ ಇನ್ನೊಂದು ಕಡೆ ಉಳಿಯುವುದು ನಿಂತಿಲ್ಲ. ಅವಳು ಬಂದ ದಿನವೇ ಹಿಂಡಿದ ಗಿಣ್ಣು ಹಾಲಿನ ಕೆಲವು ಹನಿಗಳನ್ನು ಕೂಸಿನ ಬಾಯೊಳಗೆ ಸವರಿದರು. ಮೂರನೇ ದಿನ ಸಿಪ್ಯಾಪ್ ತೆಗೆದು, ಟ್ಯೂಬಿನಲ್ಲಿ ಅಮ್ಮನ ಹಾಲು ಏರಿಸುತ್ತ ಹೋದರು.

ಸಮಸ್ಯೆ: ರಿಜಿಸ್ಟರಿನಲ್ಲಿ ಎರಡೇ ತಾಸು

ನಾಲ್ಕನೇ ದಿನ ಕೂಸನ್ನು ಕಾಂಗರೂ ಆರೈಕೆಗೆ, ಅಂದರೆ ಕೆಎಂಸಿಗೆ, ಕೊಡಬಹುದು ಎಂದು ಡಾಕ್ಟರ್ ಬರೆದರು. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಅಂಟಿಸಿ ಕಟ್ಟುವ ಈ ಪದ್ಧತಿಯನ್ನು 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇಬ್ಬರು ವೈದ್ಯರು ಇನ್‌ಕ್ಯುಬೇಟರ್ ಸಾಲದ್ದಕ್ಕೆ ಶುರುಮಾಡಿದರು. ದಿಲ್ಲಿಯ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 1 ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳಿಗೆ ಹುಟ್ಟಿದ ಕೂಡಲೇ ಕೆಎಂಸಿ ಶುರುಮಾಡಿದಾಗ ಮೊದಲ 28 ದಿನಗಳ ಸಾವು ಸುಮಾರು ಕಾಲುಭಾಗ ಕಡಿಮೆಯಾಯಿತು. ಮುಂದಿನ ವರ್ಷ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ತಾಸು ಎಂದು ಶಿಫಾರಸು ಮಾಡಿತು. ಇದು ದೂರದವರ ಮಾತೂ ಅಲ್ಲ. ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ತಂಡ ಸರ್ಕಾರಿ ಆರೋಗ್ಯ ವ್ಯವಸ್ಥೆಯ ಜೊತೆಗೂಡಿ ಕೆಎಂಸಿಯನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಕೆಲಸ ಮಾಡಿದೆ.

ನಮ್ಮ ತಾಯಿಯ ಕೆಎಂಸಿ ರಿಜಿಸ್ಟರಿನಲ್ಲಿ ಮೊದಲ ದಿನ ಎರಡು ತಾಸು, ಎರಡನೇ ದಿನ ಅದಕ್ಕೂ ಕಡಿಮೆ. ಹೆಲ್ತ್ ಟಾಕ್ ಆಗಿತ್ತು, ಚೆನ್ನಾಗಿಯೂ ಆಗಿತ್ತು. ವಿದ್ಯಾರ್ಥಿನಿ ಬಣ್ಣದ ಚಿತ್ರ ಹಿಡಿದು ಕೆಎಂಸಿಯ ಲಾಭಗಳನ್ನು ಒಂದೂ ಬಿಡದೆ ಹೇಳಿದ್ದಳು. ತಾಯಿ ಪ್ರತಿ ಮಾತಿಗೂ ‘ಹೂಂರೀ ಸಿಸ್ಟರ್’ ಅಂದಿದ್ದಳು. ಕೇಳಿದ ಪ್ರಶ್ನೆಗಳಿಗೆ ಸರಿಯಾಗಿಯೇ ಉತ್ತರಿಸಿದ್ದಳು. ಫಾರ್ಮಿನಲ್ಲಿ ‘ತಿಳಿದುಕೊಂಡಿದ್ದಾರೆ’ ಎಂದು ಟಿಕ್ ಬಿತ್ತು.

ತಾಯಿಗೆ ಆಸಕ್ತಿ ಇಲ್ಲ, ಇನ್ನೊಂದು ಟಾಕ್ ಕೊಡಲೇ ಎಂದು ವಿದ್ಯಾರ್ಥಿನಿ ಕೇಳಿದಳು. ನನ್ನ ತೀರ್ಮಾನ ಬೇರೆ ಇತ್ತು: ಒಂದು ಪಾಳಿ ಪೂರ್ತಿ ಏನನ್ನೂ ಹೇಳಿಕೊಡಬೇಡ, ಸುಮ್ಮನೆ ಕೂತು ಆ ಎದೆಯಿಂದ ಕೂಸು ಯಾವಾಗ ಇಳಿಯುತ್ತದೆ, ಯಾರು ಬಂದ ಮೇಲೆ ಇಳಿಯುತ್ತದೆ ಎಂದಷ್ಟೇ ಬರೆದುಕೋ. ಕಲಿಸುವುದನ್ನು ನಿಲ್ಲಿಸು ಎನ್ನುವುದು ವಿದ್ಯಾರ್ಥಿಗಳಿಗೆ ಅತಿ ಕಷ್ಟದ ಸೂಚನೆ. ಅವಳ ಮುಖ ಸಪ್ಪಗಾದದ್ದು ಕಂಡಿತು.

ಸಂಜೆ ಅವಳು ತಂದ ಕಾಗದದಲ್ಲಿ ವಿಷಯ ನೇರವಾಗಿತ್ತು. ಊಟ ತಂದ ಅಜ್ಜಿ ಕೆಎಂಸಿ ಕೋಣೆಯ ಬಾಗಿಲಲ್ಲಿ ನಿಂತು ಮಗಳನ್ನು ನೋಡುತ್ತಾಳೆ. ಕಾಲು ಗಂಟೆಯೊಳಗೆ ಮಗಳು ‘ಸೊಂಟ ನೋಯಾಕತ್ತೈತಿ’ ಎನ್ನುತ್ತಾಳೆ, ಕೂಸು ವಾರ್ಮರಿಗೆ ವಾಪಸ್. ಮೂರು ಸಲವೂ ಹೀಗೆಯೇ.

ತಿರುವು

ಮರುದಿನ ವಿದ್ಯಾರ್ಥಿನಿ ಅಜ್ಜಿಯ ಪಕ್ಕ ವರಾಂಡದಲ್ಲಿ ಕೂತಳು, ಚಾರ್ಟ್ ಇಲ್ಲದೆ. ‘ಆಯಿ, ನಿಮಗ ಇದರಾಗ ಯಾವುದರ ಹೆದರಿಕಿ ಐತ್ರಿ?’ ಎಂದು ಕೇಳಿದಳು. ಅಜ್ಜಿಯ ಉತ್ತರವನ್ನು ಅವಳು ಹಾಗೆಯೇ ಬರೆದುಕೊಂಡು ಬಂದಿದ್ದಳು:

‘ಕೂಸಿನ ಚಿಂತಿ ಮಾಡಾಕ ನೀವು ಇಷ್ಟು ಮಂದಿ ಅದೀರಿ ಯವ್ವಾ. ನನ್ನ ಮಗಳ ಚಿಂತಿ ಯಾರು ಮಾಡ್ತಾರ? ಹಸಿ ಬಾಣಂತಿ ಎದಿ ಬಿಚ್ಚಿ ಫ್ಯಾನಿನ ಕೆಳಗ ತಾಸುಗಟ್ಟಲೆ ಕುಂತ್ರ, ನಾಳೆ ಥಂಡಿ ಹೊಕ್ಕು ಸೊಂಟ ಹಿಡಿದ್ರ, ಜೀವ ಇರೂತನಾ ಅನುಭವಿಸಾಕಿ ಅಕಿನ.’

ನಮ್ಮ ಹೆಲ್ತ್ ಟಾಕ್‌ನ ಅಷ್ಟೂ ಮಾತು ಕೂಸಿನ ಮೇಲಿತ್ತು. ಅಜ್ಜಿ ಕಾಯುತ್ತಿದ್ದದ್ದು ತಾಯಿಯನ್ನು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಬೆನ್ನಿಗೆ ಆಸರೆಯಿಲ್ಲದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊಲಿಗೆ ಹಾಕಿಸಿಕೊಂಡ ಬಾಣಂತಿಯನ್ನು ತಾಸುಗಟ್ಟಲೆ ಕೂರಿಸುವುದು ತಪ್ಪೇ. ಥಂಡಿಯ ಮಾತನ್ನು ಬದಿಗಿಟ್ಟರೂ ಸೊಂಟದ ಮಾತು ಖರೆ. ಅಜ್ಜಿ ಹೇಳಿದ್ದರಲ್ಲಿ ಅರ್ಧ ಒಳ್ಳೆಯ ಬಾಣಂತಿ ಶುಶ್ರೂಷೆಯೇ ಆಗಿತ್ತು.

ಇಲ್ಲಿಂದ ಎರಡು ಬದಲಾವಣೆ. ಹಿಂದಕ್ಕೆ ಒರಗುವ ಕೆಎಂಸಿ ಕುರ್ಚಿ ಘಟಕದಲ್ಲೇ ಇತ್ತು, ಅದರ ಮೇಲೆ ಲಿನನ್ ಗಂಟು ಇಟ್ಟಿದ್ದರು. ಅದನ್ನು ಖಾಲಿ ಮಾಡಿಸಿದೆವು. ಫ್ಯಾನ್ ಬಂದ್. ತಾಯಿ ತಲೆಗೆ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡಳು, ಮುಂದೆ ತೆರೆಯುವ ಅಂಗಿ ಮೇಲೆ ಶಾಲು. ಅಜ್ಜಿಗೆ ಬೇಕಾದದ್ದೂ ಅದೇ, ಕೂಸಿಗೆ ಬೇಕಾದದ್ದೂ ಅದೇ. ಎರಡನೆಯದು ಇಷ್ಟು ಸಲೀಸಾಗಿರಲಿಲ್ಲ. ಅಜ್ಜಿಯೇ ಕೆಎಂಸಿಗೆ ಕೂರಲಿ ಎಂದು ವಿದ್ಯಾರ್ಥಿನಿ ಸೂಚಿಸಿದಳು. ಆರೋಗ್ಯವಾಗಿರುವ ಯಾರ ಎದೆಯಾದರೂ ಆದೀತು ಎಂದು ಪಾಠದಲ್ಲಿದೆ, ಆದರೆ ಘಟಕದ ರೂಢಿ ತಾಯಿಗೆ ಮಾತ್ರ ಪ್ರವೇಶ ಎಂದು. ಸೋಂಕು ಹೆಚ್ಚೀತು ಎಂಬ ಸಿಸ್ಟರ್ ಇನ್‌ಚಾರ್ಜ್ ಅವರ ಆತಂಕ ಸುಳ್ಳಲ್ಲ. ಕೊನೆಗೆ ಮಕ್ಕಳ ತಜ್ಞರು ಒಂದು ಗೆರೆ ಎಳೆದರು: ವಾರ್ಮರುಗಳಿರುವ ಒಳಕೋಣೆಗೆ ಬೇಡ, ಪಕ್ಕದ ಕೆಎಂಸಿ ಕೋಣೆಗೆ ಸರಿ, ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಬಳೆ ಉಂಗುರ ತೆಗೆದಿಟ್ಟು, ಮೊಣಕೈವರೆಗೆ ಕೈ ತೊಳೆದು ಬರಬೇಕು. ಕೆಮ್ಮು, ನೆಗಡಿ ಇದ್ದರೆ ಇಲ್ಲ.

ಬಳೆ ತೆಗೆಯುವ ಮಾತಿಗೆ ಅಜ್ಜಿ ಹಿಂಜರಿದಳು. ಮುತ್ತೈದೆಯ ಕೈ ಬರಿದಾಗಬಾರದು. ವಿದ್ಯಾರ್ಥಿನಿ ವಾದಕ್ಕಿಳಿಯದೆ ಸಿಸ್ಟರನ್ನು ಕೇಳಿದಳು. ಅವರು ಒಂದೊಂದು ಕೈಯಲ್ಲಿ ಒಂದೊಂದು ಬಳೆ ಉಳಿಸಿ, ಅದನ್ನು ಮೇಲೆ ಸರಿಸಿ ಸೋಪು ಹಚ್ಚುವುದನ್ನು ತೋರಿಸಿಕೊಟ್ಟರು. ಪುಸ್ತಕದ ಪ್ರಕಾರ ಇದು ಪೂರ್ತಿ ಸರಿಯಲ್ಲ. ಆ ಕೂಸಿನ ಮಟ್ಟಿಗೆ ಇದೇ ಸರಿ ಎಂದು ನನಗೆ ಈಗಲೂ ಅನಿಸುತ್ತದೆ.

ಕೂಸು ಎದೆಗೆ ಬಂದ ಅರ್ಧ ತಾಸಿಗೆ ಅಜ್ಜಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಅಂದಿನಿಂದ ಇಬ್ಬರ ಸರದಿ ಸೇರಿ ದಿನಕ್ಕೆ ಹತ್ತು ತಾಸು ದಾಟಿತು.

ಏಳನೇ ದಿನ

ಏಳನೇ ದಿನದ ಹೊತ್ತಿಗೆ ಹಾಲು ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಶುರುವಾಗಿತ್ತು. ಅವತ್ತು ಮಧ್ಯಾಹ್ನ ಕೆಎಂಸಿಯಲ್ಲಿದ್ದ ತಾಯಿ ವಿದ್ಯಾರ್ಥಿನಿಯನ್ನು ಕರೆದು ‘ಸಿಸ್ಟರ್, ಇವತ್ತ ಕೂಸು ನಿನ್ನಿಹಂಗ ಇಲ್ರೀ. ನಿನ್ನೆ ಬೆರಳು ಗಟ್ಟಿ ಹಿಡೀತಿತ್ತು, ಇವತ್ತ ಕೈ ಸಡ್ಲ ಬಿಟ್ಟೈತಿ’ ಅಂದಳು. ಆಗ ಮೈಬಿಸಿ 36.6, ಎದೆಬಡಿತ 158, ಆಕ್ಸಿಜನ್ 94. ಚಾರ್ಟಿನಲ್ಲಿ ಕೆಂಪು ಗೆರೆ ಹಾಕುವಂಥದ್ದು ಏನೂ ಇಲ್ಲ.

ಇಡೀ ಪ್ರಕರಣದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ಅಂಕಿಗಳೆಲ್ಲ ಸರಿಯಿವೆ ಎಂದು ತಾಯಿಗೆ ಧೈರ್ಯ ಹೇಳಿ ಹೋಗುವ ಅವಕಾಶ ವಿದ್ಯಾರ್ಥಿನಿಗೆ ಇತ್ತು. ಅವಳು ಕೂಸಿನ ಎದೆಮೂಳೆಯ ಮೇಲೆ ಒತ್ತಿ ಬಿಟ್ಟು, ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುವುದನ್ನು (ರಕ್ತಸಂಚಾರ ಕುಂದಿದ ಸೂಚನೆ) ನೋಡಿದಳು. ಬೆಳಗಿನ ಹಾಲಿಗೆ ಎಂದಿಗಿಂತ ಎರಡು ಪಟ್ಟು ಸಮಯ ಹಿಡಿದದ್ದನ್ನು ಫೀಡಿಂಗ್ ಚಾರ್ಟಿನಲ್ಲಿ ಹುಡುಕಿ ತೆಗೆದಳು. ಆಮೇಲೆ ಡ್ಯೂಟಿ ಸ್ಟಾಫ್ ನರ್ಸ್‌ಗೆ ವರದಿ ಮಾಡುವಾಗ ತಾಯಿಯ ಮಾತನ್ನೇ ಮೊದಲು ಹೇಳಿದಳು. ‘ಲೆಥಾರ್ಜಿಕ್’ (ಮಂಕಾಗಿದೆ) ಎಂದು ಪುಸ್ತಕದ ಪದಕ್ಕೆ ತಿರುಗಿಸಲಿಲ್ಲ. ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಆ ಪದದಲ್ಲಿ ಬರುವುದಿಲ್ಲ. ಡಾಕ್ಟರ್ ಬಂದು ನೋಡಿ, ಹಾಲು ತಡೆದು, ರಕ್ತ ಪರೀಕ್ಷೆಗೆ ಬರೆಯುತ್ತಿರುವಾಗಲೇ ಕೂಸಿನ ಉಸಿರು ನಿಂತಿತು. ಆಗ ಅದು ವಾರ್ಮರಿನ ಮೇಲಿತ್ತು, ಬೆನ್ನು ಉಜ್ಜಿದ ಕೂಡಲೇ ಉಸಿರು ಮರಳಿತು. ಅದೇ ರಾತ್ರಿ ಎರಡು ಸಲ ಹೀಗಾಗಿ ಮತ್ತೆ ಸಿಪ್ಯಾಪ್ ಬೇಕಾಯಿತು.

ಬ್ಲಡ್ ಕಲ್ಚರಿನಲ್ಲಿ, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬಂತು. ನಮ್ಮ ದೇಶದ ನವಜಾತ ಘಟಕಗಳಿಗೆ ಇದು ಹಳೆಯ ವೈರಿ. ಬೆನ್ನುಹುರಿ ನೀರಿನ ಪರೀಕ್ಷೆಯಲ್ಲಿ ಮೆದುಳಿಗೆ ಸೋಂಕು ಏರಿಲ್ಲ ಎಂದು ಗೊತ್ತಾಯಿತು. ಆಂಟಿಬಯಾಟಿಕ್ ಬದಲಿಸಿ 14 ದಿನ ಕೊಟ್ಟರು.

ಅಜ್ಜಿಯನ್ನು ಒಳಗೆ ಬಿಟ್ಟದ್ದರಿಂದಲೇ ಸೋಂಕು ಬಂತೇ ಎಂದು ಘಟಕದಲ್ಲಿ ಪಿಸುಮಾತು ಎದ್ದಿತು. ಕೇಳಲೇಬೇಕಾದ ಪ್ರಶ್ನೆ. ಈ ರೋಗಾಣು ಹೆಚ್ಚಾಗಿ ಹಬ್ಬುವುದು ಆಸ್ಪತ್ರೆಯೊಳಗೇ, ಸಿಬ್ಬಂದಿಯ ಕೈ, ಲೈನು, ಉಪಕರಣಗಳ ಮೂಲಕ. ಈ ಕೂಸಿಗೆ ಎಲ್ಲಿಂದ ಬಂತೆಂದು ಬೆರಳು ತೋರಿಸಲು ಆಧಾರ ಇರಲಿಲ್ಲ. ಮಕ್ಕಳ ತಜ್ಞರು ಅಜ್ಜಿಯ ಪ್ರವೇಶ ತಡೆಯಲಿಲ್ಲ. ಬದಲು, ಕೈ ತೊಳೆಯುವುದನ್ನು ಒಂದು ವಾರ ಎಲ್ಲರ ಮೇಲೂ, ತಮ್ಮನ್ನೂ ಸೇರಿಸಿ, ಗಮನಿಸಿ ಬರೆಯಲು ವಿದ್ಯಾರ್ಥಿಗಳಿಗೇ ಹಚ್ಚಿದರು. ಕೂಸು ಸ್ಥಿರವಾದ ಮೇಲೆ ಕೆಎಂಸಿ ಮತ್ತೆ ಶುರುವಾಯಿತು.

ಮನೆಗೆ ಹೋಗುವ ಮೊದಲು

ಇಪ್ಪತ್ತೆರಡನೇ ದಿನ ಬಿಡುಗಡೆ. ತೂಕ 1,720 ಗ್ರಾಂ, ಎದೆಹಾಲು ಚೀಪುತ್ತಿತ್ತು, ಜೊತೆಗೆ ಹಿಂಡಿದ ಹಾಲು ಒಳಲೆಯಲ್ಲಿ. ಬಿಡುಗಡೆಯ ಪಾಠವನ್ನು ಈ ಸಲ ವಿದ್ಯಾರ್ಥಿನಿ ಮಾತಿನಲ್ಲಿ ಮಾಡಲಿಲ್ಲ. ತಾಯಿ ಮಾಡಿ ತೋರಿಸಬೇಕು, ಅಜ್ಜಿ ಮಾಡಿ ತೋರಿಸಬೇಕು, ಇವಳು ನೋಡುತ್ತ ಕೂರಬೇಕು. ಅಜ್ಜಿ ಒಳಲೆ ಹಿಡಿದ ಕ್ರಮ ನೋಡಿದಾಗ ಒಂದು ತಪ್ಪು ಸಿಕ್ಕಿತು: ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಹಾಲು ಸುರಿಯುತ್ತಿದ್ದಳು. ಆಕೆ ತನ್ನ ಮಕ್ಕಳಿಗೆಲ್ಲ ಹಾಗೆಯೇ ಕುಡಿಸಿದ್ದು. ತಲೆ ಎತ್ತಿ ಹಿಡಿದು, ತುಟಿಯ ಮೂಲೆಯಲ್ಲಿ ಒಳಲೆಯ ಮೂತಿಯಿಟ್ಟು, ನುಂಗಿದ ಮೇಲೆ ಮುಂದಿನ ಗುಟುಕು ಎಂಬುದನ್ನು ಆಕೆಯ ಕೈ ಹಿಡಿದೇ ತಿದ್ದಬೇಕಾಯಿತು. ಚಾರ್ಟ್ ತೋರಿಸಿ ಪ್ರಶ್ನೆ ಕೇಳಿದ್ದರೆ ಈ ತಪ್ಪು ಹೊರಬೀಳುತ್ತಲೇ ಇರಲಿಲ್ಲ.

ಮನೆಯ ರೂಢಿಗಳ ವಿಷಯದಲ್ಲಿ ಚೌಕಾಶಿ ನಡೆಯಿತು. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಕೂಸಿಗೆ ಲೋಬಾನದ ಹೊಗೆ, ಎಣ್ಣೆ ಹಚ್ಚಿ ಕಾದ ನೀರಿನ ಎರೆತ, ಬಾಯಿಗೆ ಬಜೆ. ಹೊಗೆ, ಬಜೆ ಬೇಡವೇ ಬೇಡ ಎಂದೆವು. ಅಗ್ಗಿಷ್ಟಿಕೆ ಬದಲು ಕೆಎಂಸಿಯ ಬಿಸಿ. ಇದನ್ನು ಅಜ್ಜಿ ತಾನಾಗಿಯೇ ಹೇಳಿದಳು. ಎರೆತವನ್ನು ತೂಕ ಎರಡು ಕಿಲೋ ಆಗುವವರೆಗೆ ಮುಂದೂಡಿ, ಅಲ್ಲಿಯವರೆಗೆ ಬೆಚ್ಚಗಿನ ಬಟ್ಟೆಯಲ್ಲಿ ಒರೆಸುವುದು. ತಾಯಿಗೆ ಎರೆಯಲು ನಮ್ಮ ಅಡ್ಡಿ ಇರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳಿದ್ದು ಒಳ್ಳೆಯದಾಯಿತು. ಬೇಡಗಳ ನಡುವೆ ಒಂದಾದರೂ ಆಗಬಹುದು ಇರಬೇಕು.

ಅಪಾಯದ ಚಿಹ್ನೆಗಳನ್ನು ಆಶಾ ಕಾರ್ಯಕರ್ತೆಯೂ ಇರುವಾಗ ಹೇಳಿದೆವು: ಹಾಲು ಬಿಡುವುದು, ಮುಟ್ಟಿದರಷ್ಟೇ ಅಲುಗಾಡುವುದು, ಉಸಿರು ನಿಮಿಷಕ್ಕೆ 60 ದಾಟುವುದು, ಪಕ್ಕೆ ಸೆಳೆತ, ಫಿಟ್ಸ್, ಮೈ ಸುಡುವುದು ಅಥವಾ ತಣ್ಣಗಾಗುವುದು. ತಾಯಿ ಅದಕ್ಕೆ ‘ಕೈ ಸಡ್ಲ ಬಿಡೂದು’ ಎಂದು ಸೇರಿಸಿದಳು.

ಮನೆಯಲ್ಲಿ ಮತ್ತು ಆಮೇಲೆ

ಆಶಾ ಹೋದಾಗೆಲ್ಲ ಕೂಸು ಯಾರದಾದರೂ ಎದೆಯ ಮೇಲಿತ್ತು, ಒಮ್ಮೆ ಅಪ್ಪನದೂ. ತೂಕ ಏರುತ್ತಿತ್ತು. ಎಡವಿದ್ದು ಕಣ್ಣಿನ ತಪಾಸಣೆಯಲ್ಲಿ.

ಅವಧಿಗೆ ಮುನ್ನ ಹುಟ್ಟಿದ, ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿನ ಅಕ್ಷಿಪಟಲವನ್ನು ಹುಟ್ಟಿದ ನಾಲ್ಕು ವಾರದ ಹೊತ್ತಿಗೆ ನೋಡಲೇಬೇಕು. ಕರ್ನಾಟಕದಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಘಟಕಗಳಿಗೇ ಬರುತ್ತಾರೆ, ಚಿತ್ರಗಳನ್ನು ದೂರದಲ್ಲಿರುವ ತಜ್ಞರು ಓದುತ್ತಾರೆ. ನಮ್ಮಲ್ಲಿ ಕಣ್ಣಿನ ತಪಾಸಣೆಗೆ ವಾರದಲ್ಲಿ ಒಂದೇ ದಿನ. ತಾರೀಖನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು, ತಾಯಿ ಅದನ್ನು ಓದಿಯೂ ಹೇಳಿದ್ದಳು. ಆದರೆ ಅವತ್ತು ಅಮಾವಾಸ್ಯೆ. ತಿಂಗಳು ತುಂಬದ ಕೂಸನ್ನು ಅಮಾವಾಸ್ಯೆಯಂದು ಹೊಸ್ತಿಲು ದಾಟಿಸುವ ಮನೆ ಆ ಸೀಮೆಯಲ್ಲಿ ಸಿಗುವುದು ಕಷ್ಟ. ಅವರು ಬರಲಿಲ್ಲ. ಆಶಾ ಬೆನ್ನುಹತ್ತಿ ಮುಂದಿನ ವಾರ ಕರೆತಂದಳು. ಅಕ್ಷಿಪಟಲ ಇನ್ನೂ ಪೂರ್ತಿ ಬೆಳೆದಿಲ್ಲ, ರೋಗವಿಲ್ಲ, ಮತ್ತೆ ಬನ್ನಿ ಎಂದರು. ಮುಂದಿನ ತಪಾಸಣೆಗಳಲ್ಲಿ ಬೆಳವಣಿಗೆ ಪೂರ್ಣವಾಯಿತು. ರೋಗ ಇದ್ದಿದ್ದರೆ ಆ ಒಂದು ವಾರ ದೃಷ್ಟಿಯ ಬೆಲೆಯದಾಗುತ್ತಿತ್ತು.

ಈಗ ನಮ್ಮ ವಿದ್ಯಾರ್ಥಿಗಳು ಕಣ್ಣಿನ ತಪಾಸಣೆಯ ತಾರೀಖು ಕೊಡುವಾಗ ಗೋಡೆಯ ಪಂಚಾಂಗದ ಕ್ಯಾಲೆಂಡರನ್ನೂ ನೋಡುತ್ತಾರೆ. ಅಮಾವಾಸ್ಯೆ ಬಿದ್ದರೆ, ಹಿಂದಿನ ವಾರವೇ ಕರೆಯಬಹುದೇ ಎಂದು ಮೊದಲೇ ಡಾಕ್ಟರನ್ನು ಕೇಳುತ್ತಾರೆ. ‘ಅವತ್ತು ಯಾರು ಕರೆತರುತ್ತಾರೆ, ಯಾವ ಬಸ್ಸು’ ಎಂಬುದಕ್ಕೆ ಉತ್ತರ ಬಂದರಷ್ಟೇ ಟಿಕ್.

ಅಂಕಪಟ್ಟಿಯನ್ನೂ ತಿದ್ದಿದ್ದೇವೆ. ಚಾರ್ಟಿನ ಅಂಕ ಇಳಿಸಿ, ಮೂರು ಸಾಲು ಸೇರಿಸಿದೆವು: ಮನೆಯಲ್ಲಿ ತೀರ್ಮಾನ ಯಾರದು ಎಂದು ಪತ್ತೆಮಾಡಿದಳೇ, ಅವರ ಭಯ ಏನೆಂದು ಅವರದೇ ಮಾತಿನಲ್ಲಿ ಬರೆದಳೇ, ಕಲಿತವರು ಕೈಯಾರೆ ಮಾಡಿದ್ದನ್ನು ನೋಡಿದಳೇ. ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಹಿಡಿಸಿಲ್ಲ. ಭಯಕ್ಕೆ ಅಂಕ ಕೊಡುವುದು ಹೇಗೆ ಎಂದು ಅವರು ಕೇಳುವುದರಲ್ಲಿ ಅರ್ಥವಿದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬರುವ ಪರೀಕ್ಷಕರು ಇವತ್ತಿಗೂ ಮೊದಲು ಕೇಳುವುದು ಚಾರ್ಟನ್ನೇ.

ಬಗೆಹರಿಯದೆ ಉಳಿದದ್ದು ರಾತ್ರಿಯ ಸಂಗತಿ. ಆ ತಾಯಿಯ ರಿಜಿಸ್ಟರಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗಿನ ಕಾಲಂಗಳು ಹೆಚ್ಚಾಗಿ ಖಾಲಿ ಇವೆ. ಹಾಲು ಹುಟ್ಟಿಸುವ ಹಾರ್ಮೋನ್ ರಾತ್ರಿಯೇ ಹೆಚ್ಚು, ಹಾಲು ಹಿಂಡುವುದು ತಪ್ಪುವುದೂ ರಾತ್ರಿಯೇ. ನಮ್ಮ ಹುಡುಗಿಯರು ಸಂಜೆಯೇ ಹಾಸ್ಟೆಲ್ ಬಸ್ ಹತ್ತುತ್ತಾರೆ. ಒಂದಿಷ್ಟು ರಾತ್ರಿಪಾಳಿ ಬೇಕೆಂದು ಕಾಲೇಜಿಗೆ ಬರೆದುಕೊಟ್ಟಿದ್ದೇನೆ. ವಾಹನ, ವಾರ್ಡನ್, ಪಾಲಕರ ಒಪ್ಪಿಗೆ ಎಂದು ಪತ್ರ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ. ಸದ್ಯಕ್ಕೆ ಇಬ್ಬಿಬ್ಬರಂತೆ ರಾತ್ರಿ ಒಂಬತ್ತರವರೆಗೆ ಇರಲು ಅನುಮತಿ ಸಿಕ್ಕಿದೆ.